ಸೈಟಿಗೆ ನಮ್ಮ ಮಕ್ಕಳು, ಕ್ಯಾಬಿನ್ನಿಗೆ ಅವರ ಮಕ್ಕಳು



ಸ್ವಲ್ಪ ಉದ್ದದ ಪೋಸ್ಟು. ಮನೇಲಿ ಎಂಜಿನಿಯರಿಂಗ್ ಓದೋ ಮಕ್ಕಳಿದ್ರೆ ಪೂರ್ತಿ ಓದಿ, ಅವರಿಗೂ ಓದಿಸಿ.

ಮೀಸಲಾತಿ ವಿಷಯ ಬಂದಾಗಲೆಲ್ಲ ಎದುರಿನವರದ್ದು ಒಂದೇ ಪ್ರಶ್ನೆ: "ಸೀಟು ಸಿಕ್ತಲ್ಲ, ಇನ್ನೇನು ಬೇಕು ನಿಮಗೆ?" ಸೀಟು ಸಿಕ್ಕ ಮೇಲೆ ಏನಾಗುತ್ತೆ ಅನ್ನೋದನ್ನ ಇವತ್ತು ಹೇಳ್ತೀನಿ. ಕಾಲೇಜಿನ ಗೇಟು ದಾಟಿದ ಮೇಲೆ ಇನ್ನೊಂದು ಗೇಟಿದೆ. ಅದರ ಹೆಸರು ಇಂಟರ್ನ್‌ಶಿಪ್.

ನಮ್ಮ ಸಂಘಟನೆಯ ಗೆಳೆಯರೊಬ್ಬರ ಮಗಳು ಸಿವಿಲ್ ಎಂಜಿನಿಯರಿಂಗ್ ಕೊನೇ ವರ್ಷ. ಅಪ್ಪ ಗಾರೆ ಮೇಸ್ತ್ರಿ, ಅಮ್ಮ ಕಾಂಕ್ರೀಟ್ ಬಾಣಲಿ ಹೊತ್ತೋಳು. ಬೆಂಗಳೂರಿನ ಹೊರವಲಯದಲ್ಲಿ ಅಪಾರ್ಟ್‌ಮೆಂಟ್ ಕಟ್ಟೋ ಒಂದು ಕಂಪನಿಯಲ್ಲಿ ಎರಡು ತಿಂಗಳು ಇಂಟರ್ನ್‌ಶಿಪ್ ಮಾಡಿ ಬಂದಳು. ಸರ್ಟಿಫಿಕೇಟಿನಲ್ಲಿ ದೊಡ್ಡ ಅಕ್ಷರದಲ್ಲಿ "ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇಂಟರ್ನ್" ಅಂತಿದೆ. ಅವಳ ಒಪ್ಪಿಗೆ ತಗೊಂಡೇ ಬರೀತಿದ್ದೀನಿ. ಹೆಸರು ಬೇಡ ಅಂದಿದ್ದಾಳೆ, ಮುಂದೆ ಅದೇ ಫೀಲ್ಡಲ್ಲಿ ಅವಳು ಕೆಲಸ ಹುಡುಕಬೇಕಲ್ಲ.

ಒಟ್ಟು ನಾಲ್ಕು ಜನ ಇಂಟರ್ನ್‌ಗಳು. ಮೊದಲ ವಾರ ಎಲ್ಲರನ್ನೂ ಕೂರಿಸಿ ಪ್ಲಾನಿಂಗ್ ಎಂಜಿನಿಯರ್ ಪರಿಚಯ ಕೇಳಿದ್ರಂತೆ. ಊರು ಯಾವುದು, ಯಾರ ಕಡೆಯಿಂದ ಬಂದ್ರಿ, ಅಪ್ಪ ಏನ್ ಮಾಡ್ತಾರೆ. ಒಬ್ಬನ ಮಾವ ಆರ್ಕಿಟೆಕ್ಟು. ಇನ್ನೊಬ್ಬನ ಅಪ್ಪ ಸಿಮೆಂಟ್ ಡೀಲರು. ಮತ್ತೊಬ್ಬಳದ್ದು ಕಂಪನಿಯಲ್ಲೇ ಪರಿಚಯ. ಇವಳು "ನಮ್ಮಪ್ಪ ಮೇಸ್ತ್ರಿ ಸರ್" ಅಂದಳು. ಸುಳ್ಳು ಯಾಕೆ ಹೇಳಬೇಕು?

ಮಾರನೇ ದಿನದಿಂದ ಆ ಮೂವರು ಏಸಿ ಕ್ಯಾಬಿನ್ನಲ್ಲಿ. ಪ್ರೈಮವೆರಾ ಸಾಫ್ಟ್‌ವೇರಿನಲ್ಲಿ ಶೆಡ್ಯೂಲ್ ಹಾಕೋದು, ಬಿಓಕ್ಯೂ ಓದೋದು, ಬಿಲ್ ತಾಳೆ ನೋಡೋದು, ಕ್ಲೈಂಟ್ ಮೀಟಿಂಗಿಗೆ ಹಿಂದಿನ ಸಾಲಲ್ಲಿ ಕೂರೋದು. ಇವಳ ಕೈಗೆ ಹಾಜರಿ ಪುಸ್ತಕ. ಬೆಳಿಗ್ಗೆ ಎಂಟಕ್ಕೆ ಗೇಟಲ್ಲಿ ನಿಂತು ಲೇಬರ್ ಎಣಿಸೋದು, ಸಿಮೆಂಟ್ ಲೋಡು ಬಂದ್ರೆ ಚೀಲ ಎಣಿಸೋದು, ಕ್ಯೂಬ್ ಟೆಸ್ಟಿನ ದಿನಾಂಕ ರಿಜಿಸ್ಟರಿಗೆ ಏರಿಸೋದು. ಕಾರಣ ಕೇಳಿದ್ದಕ್ಕೆ ಉತ್ತರ: "ನೀನು ಲೇಬರ್ ಹತ್ರ ಚೆನ್ನಾಗಿ ಮಾತಾಡ್ತೀಯಮ್ಮ."

ಇದನ್ನ ಹೊಗಳಿಕೆ ಅನ್ಕೋಬೇಕಂತೆ!

ಗಮನಿಸಿ, ಯಾರೂ ಜಾತಿ ಹೆಸರು ಹಿಡಿದು ಬೈದಿಲ್ಲ. ಲೋಟ ಬೇರೆ ಇಟ್ಟಿಲ್ಲ. ದೌರ್ಜನ್ಯ ತಡೆ ಕಾಯ್ದೆ ಅಡಿ ಕೇಸು ಹಾಕೋಣ ಅಂದ್ರೆ ಯಾವ ಸೆಕ್ಷನ್ ಹಾಕ್ತೀರಿ? "ಅಪ್ಪ ಏನ್ ಮಾಡ್ತಾರೆ" ಅನ್ನೋ ಪ್ರಶ್ನೆ ಅಪರಾಧ ಅಲ್ಲ. ಹಾಜರಿ ಪುಸ್ತಕ ಕೊಡೋದು ಅಪರಾಧ ಅಲ್ಲ. ಹಳ್ಳೀಲಿ ಕೇರಿಗೂ ಊರಿಗೂ ನಡುವೆ ಒಂದು ಗೆರೆ ಕಾಣುತ್ತೆ. ಇಲ್ಲಿ ಗೆರೆ ಎಳೆದವರ ಕೈಯಲ್ಲಿ ಸೀಮೆಸುಣ್ಣವೇ ಇರಲ್ಲ. ಆದರೂ ಸರಿಯಾಗಿ ನಮ್ಮ ಹುಡುಗಿ ಗೆರೆಯಾಚೆ ನಿಂತಿರ್ತಾಳೆ.

ಕೆಲವರು ಹೇಳ್ತಾರೆ, ಸೈಟಲ್ಲಿ ಕಲಿಯೋದೂ ಕಲಿಕೆಯೇ ಅಲ್ವಾ, ಒಳ್ಳೇ ಎಂಜಿನಿಯರ್ ಆಗೋಕೆ ಧೂಳು ಕುಡೀಬೇಕು ಅಂತ. ಒಪ್ತೀನಿ ಸ್ವಾಮಿ. ಹಾಗಾದ್ರೆ ನಾಲ್ಕೂ ಜನ ಕುಡೀಲಿ. ಎರಡು ವಾರ ಇವಳು ಗೇಟಲ್ಲಿ, ಎರಡು ವಾರ ಸಿಮೆಂಟ್ ಡೀಲರ್ ಮಗ ಗೇಟಲ್ಲಿ. ಅದು ಕಲಿಕೆ. ಎರಡು ತಿಂಗಳೂ ಒಬ್ಬಳೇ ಗೇಟಲ್ಲಿದ್ರೆ ಅದು ಸಂಬಳ ಇಲ್ಲದ ಸೂಪರ್‌ವೈಸರ್ ಕೆಲಸ.

ನಾನು ಗುಮಾಸ್ತ. ಫೈಲು ಹೊರೋನಿಗೂ ಫೈಲಿನ ಮೇಲೆ ಟಿಪ್ಪಣಿ ಬರೆಯೋನಿಗೂ ವ್ಯತ್ಯಾಸ ಏನು ಅಂತ ಇಪ್ಪತ್ತು ವರ್ಷದಿಂದ ನೋಡ್ತಾ ಇದ್ದೀನಿ. ಹೊರೋನಿಗೆ ಫೈಲು ಎಲ್ಲಿದೆ ಅಂತ ಗೊತ್ತಿರುತ್ತೆ. ಬರೆಯೋನಿಗೆ ಫೈಲು ಎಲ್ಲಿಗೆ ಹೋಗಬೇಕು ಅಂತ ಗೊತ್ತಿರುತ್ತೆ. ಬಡ್ತಿ ಸಿಗೋದು ಯಾರಿಗೆ ಅಂತ ನಾನು ಹೇಳಬೇಕಾ? ಇಂಟರ್ವ್ಯೂನಲ್ಲಿ "ಪ್ರೈಮವೆರಾ ಬರುತ್ತಾ, ಬಿಲ್ಲಿಂಗ್ ಮಾಡಿದ್ದೀಯಾ" ಅಂತ ಕೇಳ್ತಾರೆಯೇ ಹೊರತು "ಹಾಜರಿ ಹಾಕಿದ್ದೀಯಾ" ಅಂತ ಕೇಳಲ್ಲ. ಇವಳು "ಇಲ್ಲ ಸರ್" ಅಂತಾಳೆ. ಆಗ ಇವಳಿಗೆ ಮೆರಿಟ್ ಇಲ್ಲ ಅಂತ ತೀರ್ಮಾನ ಆಗುತ್ತೆ. ಮೆರಿಟ್ ತಯಾರಾಗೋ ಕೋಣೆಗೇ ಬಿಡದೆ, ಮೆರಿಟ್ ಎಲ್ಲಿ ಅಂತ ಕೇಳೋದು ಯಾವ ನ್ಯಾಯ?

ಇನ್ನೊಂದು ವಿಷಯ ಕೇಳಿ. ಕಂಪ್ಯೂಟರಿನ ಬಾರ್ ಚಾರ್ಟ್ ಪ್ರಕಾರ ಒಂದು ಫ್ಲೋರಿನ ಸ್ಲ್ಯಾಬು ಸೋಮವಾರದಿಂದ ಶನಿವಾರದೊಳಗೆ ಮುಗೀಬೇಕು. ಮುಗೀತಿರಲಿಲ್ಲ. ಯಾಕೆ ಅಂತ ಕ್ಯಾಬಿನ್ನಿಗೆ ಅರ್ಥ ಆಗಿಲ್ಲ. ಇವಳಿಗೆ ಅರ್ಥ ಆಗಿತ್ತು. ಕಂಬಿ ಕಟ್ಟೋರಲ್ಲಿ ಅರ್ಧ ಜನ ರಾಯಚೂರು, ಯಾದಗಿರಿ ಕಡೆಯೋರು. ಭಾನುವಾರದ ಬಟವಾಡೆಯನ್ನ ಸಬ್ ಕಾಂಟ್ರಾಕ್ಟರ್ ತಡ ಮಾಡಿದ್ದರಿಂದ ಪಕ್ಕದ ಸೈಟಿಗೆ ಹೋಗಿಬಿಟ್ಟಿದ್ದರು. ಹಾಜರಿ ಪುಸ್ತಕದಲ್ಲಿ ಮೂರು ವಾರದ ಸೋಮವಾರಗಳು ಖಾಲಿ. ಇವಳು ಅದನ್ನ ಒಂದು ಹಾಳೆಯಲ್ಲಿ ಬರೆದು ಕೊಟ್ಟಳು. ಮುಂದಿನ ರಿವ್ಯೂ ಮೀಟಿಂಗಲ್ಲಿ ಆ ಹಾಳೆ ಪ್ರೆಸೆಂಟೇಶನ್ ಆಯ್ತು. ಪ್ರೆಸೆಂಟ್ ಮಾಡಿದ್ದು ಕ್ಯಾಬಿನ್ನಲ್ಲಿದ್ದ ಹುಡುಗ. ಇವಳು ಆಗ ಗೇಟಲ್ಲಿ ಚೀಲ ಎಣಿಸ್ತಿದ್ದಳು.

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಅಂದ್ರೆ ಇದೇ ತಾನೇ? ಕೆಲಸ ಯಾಕೆ ನಿಂತಿದೆ, ಯಾರ ಕೈ ಖಾಲಿ ಇದೆ, ಯಾರ ಹೊಟ್ಟೆ ಖಾಲಿ ಇದೆ ಅಂತ ತಿಳಿಯೋದು. ಆ ವಿದ್ಯೆ ನಮ್ಮ ಮಕ್ಕಳಿಗೆ ಮನೇಲೇ ಬಂದಿರುತ್ತೆ. ಕೆರೆ ತೋಡಿದೋರು, ಕಲ್ಲು ಸೀಳಿದೋರು, ಗೋಡೆ ಎಬ್ಬಿಸಿದೋರು ನಮ್ಮ ಜನ. ಕೈಯ ವಿದ್ಯೆಗೆ ಕೂಲಿ, ಕಾಗದದ ವಿದ್ಯೆಗೆ ಸಂಬಳ ಅಂತ ಮಾಡಿಟ್ಟ ವ್ಯವಸ್ಥೆ, ನಮ್ಮ ಮಕ್ಕಳು ಕಾಗದದ ವಿದ್ಯೆ ಕಲಿತು ಬಂದ್ರೂ ಅವರನ್ನ ಮತ್ತೆ ಕೂಲಿ ಕಡೆಗೇ ತಳ್ಳುತ್ತೆ.

ಇನ್ನು ದುಡ್ಡಿನ ಲೆಕ್ಕ. ಎರಡು ತಿಂಗಳು ಒಂದು ರೂಪಾಯಿ ಸ್ಟೈಪೆಂಡ್ ಇಲ್ಲ. ಶಕ್ತಿ ಯೋಜನೆ ಇದ್ದಿದ್ದಕ್ಕೆ ಬಸ್ಸು ಫ್ರೀ. ಬಸ್ ಸ್ಟಾಪಿನಿಂದ ಸೈಟಿಗೆ ಶೇರ್ ಆಟೋ, ಪಿಜಿ ಬಾಡಿಗೆ, ಊಟ, ಸೇಫ್ಟಿ ಶೂ ಎಲ್ಲಾ ಕೈಯಿಂದ. ಅಮ್ಮ ಸಂಘದಲ್ಲಿ ಸಾಲ ಎತ್ತಿದಳು. ಪುಕ್ಕಟೆ ದುಡಿಯೋ ತಾಕತ್ತು ಇರೋರು ಮಾತ್ರ ಅನುಭವ ಪಡೀಬಹುದು ಅಂದ್ರೆ, ಅನುಭವ ಅನ್ನೋದೂ ಪಿತ್ರಾರ್ಜಿತ ಆಸ್ತಿ ಆದಂಗಾಯ್ತು.

ಶೌಚಾಲಯದ ಕಥೆಯನ್ನೂ ಹೇಳಿಬಿಡ್ತೀನಿ. ಹೆಣ್ಣು ಕೂಲಿಕಾರರಿಗೆ ಸೈಟಲ್ಲಿ ಶೌಚಾಲಯವೇ ಇರಲಿಲ್ಲ. ಕ್ಯಾಬಿನ್ನಿನ ಶೌಚಾಲಯದ ಕೀಲಿ ಅಡ್ಮಿನ್ ಹತ್ರ. ದಿನಾ ಹೋಗಿ ಕೇಳೋಕೆ ಮುಜುಗರ ಆಗಿ ನೀರು ಕುಡಿಯೋದನ್ನೇ ಬಿಟ್ಟಳಂತೆ. ಕಟ್ಟಡ ಕಾರ್ಮಿಕರಿಗೆ ಕುಡಿಯೋ ನೀರು, ಶೌಚಾಲಯ ಕೊಡಬೇಕು, 50ಕ್ಕಿಂತ ಹೆಚ್ಚು ಹೆಣ್ಣು ಕಾರ್ಮಿಕರಿದ್ದರೆ ಮಕ್ಕಳನ್ನ ನೋಡಿಕೊಳ್ಳೋ ಜಾಗ ಇರಬೇಕು ಅಂತ 1996ರ ಕಾನೂನಿನಲ್ಲೇ ಬರೆದಿದ್ದರು. ಶೆಡ್ಯೂಲಿನಲ್ಲಿ ಟೈಲ್ಸ್ ಯಾವಾಗ ಬರಬೇಕು ಅಂತ ತಾರೀಖು ಇದೆ. ಇದಕ್ಕೆ ತಾರೀಖೇ ಇಲ್ಲ.

ಕಾನೂನಿನ ಇನ್ನೊಂದು ಆಟ ನೋಡಿ. 1961ರ ಅಪ್ರೆಂಟಿಸ್ ಕಾಯ್ದೆ ಅಂತ ಇದೆ. ಅದರಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಕ್ಕೆ ತರಬೇತಿ ಸ್ಥಾನಗಳನ್ನ ಮೀಸಲಿಡಬೇಕು, ಖಾಸಗಿಯವರೂ ಇಡಬೇಕು. ಸ್ಟೈಪೆಂಡ್ ಕೊಡಲೇಬೇಕು. 2019ರ ತಿದ್ದುಪಡಿಯಲ್ಲಿ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ನಿಗದಿ ಮಾಡಿದರು. ಅಪ್ರೆಂಟಿಸ್ ಅಂದ್ರೆ ಇಷ್ಟೆಲ್ಲಾ. ಇಂಟರ್ನ್ ಅಂದ್ರೆ ಸೊನ್ನೆ. ಪದ ಬದಲಾದ್ರೆ ಮೀಸಲಾತಿಯೂ ಮಾಯ, ದುಡ್ಡೂ ಮಾಯ. ಕೋರ್ಸಿಗೆ ಇಂಟರ್ನ್‌ಶಿಪ್ ಕಡ್ಡಾಯ ಮಾಡಿದವರು, ಅದನ್ನ ಕೊಡಿಸೋ ಜವಾಬ್ದಾರಿಯನ್ನ ಮಾತ್ರ ಮಕ್ಕಳ ತಲೆಗೆ ಕಟ್ಟಿ "ನೀವೇ ಹುಡುಕ್ಕೊಳ್ಳಿ" ಅಂತಾರೆ. ಹುಡುಕೋದು ಅಂದ್ರೆ ಏನು? ಪರಿಚಯ. ಪರಿಚಯ ಅಂದ್ರೆ ಏನು? ಜಾತಿ.

ಬಾಬಾಸಾಹೇಬರನ್ನ ಸಂವಿಧಾನದ ಪುಸ್ತಕ ಹಿಡಿದ ಪ್ರತಿಮೆಯಲ್ಲಿ ಮಾತ್ರ ನೋಡೋರಿಗೆ ಒಂದು ಮಾತು. 1942ರಿಂದ 1946ರವರೆಗೆ ವೈಸರಾಯ್ ಕೌನ್ಸಿಲಿನಲ್ಲಿ ಅವರು ಕಾರ್ಮಿಕ ಖಾತೆಯ ಸದಸ್ಯರು. ನೀರಾವರಿ, ವಿದ್ಯುತ್ತೂ ಅವರ ಕೈಯಲ್ಲಿತ್ತು. ದಾಮೋದರ್, ಮಹಾನದಿ ಕಣಿವೆಗಳ ಯೋಜನೆಗೆ 1945ರಲ್ಲಿ ಕರೆದ ಸಭೆಗಳ ಅಧ್ಯಕ್ಷತೆ ವಹಿಸಿದ್ದು ಅವರೇ. ಈ ದೇಶದ ದೊಡ್ಡ ಅಣೆಕಟ್ಟುಗಳ ಪ್ಲಾನಿಂಗ್ ಮೇಜಿನ ತಲೆಯಲ್ಲಿ ನಮ್ಮವರು ಕೂತಿದ್ದರು. ಎಂಬತ್ತು ವರ್ಷ ಆದ ಮೇಲೆ ನಮ್ಮ ಹುಡುಗಿಗೆ ಒಂದು ಅಪಾರ್ಟ್‌ಮೆಂಟಿನ ಪ್ಲಾನಿಂಗ್ ಕ್ಯಾಬಿನ್ನಲ್ಲಿ ಕುರ್ಚಿ ಇಲ್ಲ.

ಹಾಗಾದ್ರೆ ಏನ್ ಮಾಡೋಣ? ಬರೀ ಸಿಟ್ಟು ಸಾಲದು. ನನ್ನ ಒತ್ತಾಯಗಳು ಇವು:

1. ಇಂಟರ್ನ್‌ಶಿಪ್ ಕಡ್ಡಾಯ ಅಂದ ಮೇಲೆ ಸ್ಥಳ ಹುಡುಕಿ ಕೊಡೋದು ಕಾಲೇಜಿನ ಕೆಲಸ. ಆ ಹಂಚಿಕೆಯಲ್ಲೂ ಮೀಸಲಾತಿ ಇರಲಿ.

2. ಯಾವ ವಾರ ಯಾವ ವಿಭಾಗ ಅಂತ ಲಿಖಿತ ಪಟ್ಟಿ ಮೊದಲೇ ಕೊಡಬೇಕು. ಎಲ್ಲರೂ ಎಲ್ಲ ಕಡೆ ಕೆಲಸ ಮಾಡಿರಬೇಕು. ಸರ್ಟಿಫಿಕೇಟಿನಲ್ಲಿ ಮಾಡಿದ ಕೆಲಸವನ್ನೇ ಬರೀಬೇಕು.

3. ಕಟ್ಟಡ ಕಟ್ಟೋರಿಂದ ಕಾರ್ಮಿಕರ ಕಲ್ಯಾಣಕ್ಕೆ ಅಂತ ಶೇ. 1 ಸೆಸ್ ವಸೂಲಿ ಆಗುತ್ತೆ. ಕಾರ್ಮಿಕರ ಮಕ್ಕಳು ಇಂಟರ್ನ್‌ಶಿಪ್ ಮಾಡುವಾಗ ಆ ನಿಧಿಯಿಂದ ಸ್ಟೈಪೆಂಡ್ ಕೊಡಲಿ. ಅಪ್ಪ ಅಮ್ಮನ ಬೆವರಿನ ದುಡ್ಡು ಅದು.

4. ಸರ್ಕಾರಿ ಕಾಮಗಾರಿ ಹಿಡಿಯೋ ಪ್ರತಿ ಕಂಪನಿಗೂ ಟೆಂಡರಿನಲ್ಲೇ ಷರತ್ತು ಹಾಕಿ: ಇಷ್ಟು ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ ಸ್ಟೈಪೆಂಡ್ ಸಹಿತ ತರಬೇತಿ ಕೊಡಲೇಬೇಕು.

5. ಇದು ನಮ್ಮವರಿಗೇ. ಹೋರಾಟ ಮಾಡಿ ಗುತ್ತಿಗೆಯಲ್ಲಿ ಮೀಸಲಾತಿ ತಗೊಂಡ್ವಿ. ಎಸ್‌ಸಿಗೆ ಶೇ. 17.15, ಎಸ್‌ಟಿಗೆ ಶೇ. 6.95. 50 ಲಕ್ಷದ ಮಿತಿಯನ್ನ 2023ರಲ್ಲಿ 1 ಕೋಟಿಗೆ ಏರಿಸಿದರು. ಆ ಕೆಲಸ ಹಿಡಿದಿರೋ ಗುತ್ತಿಗೆದಾರ ಅಣ್ಣಂದಿರೇ, ವರ್ಷಕ್ಕೆ ಇಬ್ಬರು ನಮ್ಮ ಮಕ್ಕಳನ್ನ ಕರೀರಿ. ಅಳತೆ ಪುಸ್ತಕ ಅವರ ಕೈಗೆ ಕೊಡಿ, ಬಿಲ್ ಬರೆಯೋದು ಕಲಿಸಿ. ಏಪ್ರಿಲ್ 14ಕ್ಕೆ ಫ್ಲೆಕ್ಸ್ ಹಾಕಿಸೋದಕ್ಕಿಂತ ಇದು ದೊಡ್ಡ ಕೆಲಸ.

ಓದ್ತಿರೋ ತಮ್ಮ ತಂಗಿಯರಿಗೂ ಎರಡು ಮಾತು. ಸೈಟಲ್ಲಿದ್ರೆ ನಿಮ್ಮದೇ ಡೈರಿ ಇಡಿ. ತಾರೀಖು ಹಾಕಿ, ನೋಡಿದ್ದು, ಮಾಡಿದ್ದು, ಹೇಳಿದ್ದು ಎಲ್ಲಾ ಬರೀರಿ. ಶೆಡ್ಯೂಲ್ ತೋರಿಸಿ, ಡ್ರಾಯಿಂಗ್ ತೋರಿಸಿ ಅಂತ ಬಾಯಿಮಾತಲ್ಲಿ ಬೇಡ, ಇಮೇಲಲ್ಲಿ ಕೇಳಿ. ಕೊಡಲಿಲ್ಲ ಅನ್ನೋದಕ್ಕೆ ಆಗ ದಾಖಲೆ ಇರುತ್ತೆ. ನೀವು ಬರೆದ ಹಾಳೆಯ ಕೆಳಗೆ ನಿಮ್ಮ ಹೆಸರು ಹಾಕದೆ ಯಾರಿಗೂ ಕೊಡಬೇಡಿ. ಅಪ್ಪ ಮೇಸ್ತ್ರಿ ಅಂತ ಹೇಳೋಕೆ ಮಾತ್ರ ಯಾವತ್ತೂ ಹಿಂಜರೀಬೇಡಿ.

ಆ ಹುಡುಗಿ ಸಿವಿಲ್ ಬಿಟ್ಟು ಬೇರೆ ಯಾವುದಾದ್ರೂ ನೋಡ್ತೀನಿ ಅಂತಿದ್ದಾಳೆ. ಬಿಡಬಾರದು. ಅವಳಿಗೆ ಬಿಲ್ಲಿಂಗ್, ಪ್ಲಾನಿಂಗ್ ಕಲಿಸೋಕೆ ತಯಾರಿರೋ ನಮ್ಮ ಎಂಜಿನಿಯರುಗಳು, ಗುತ್ತಿಗೆದಾರರು ಇದ್ರೆ ಕಾಮೆಂಟಲ್ಲಿ ಬೇಡ, ನನಗೆ ಮೆಸೇಜ್ ಮಾಡಿ. ನಿಮ್ಮ ಮಕ್ಕಳ ಅನುಭವ ಇದ್ರೆ ಅದನ್ನೂ ಕಳಿಸಿ, ಹೆಸರು ಹಾಕೋದಿಲ್ಲ. ಎಲ್ಲ ಸೇರಿಸಿ ಒಂದು ಮನವಿ ಮಾಡಿ ಸಮಾಜ ಕಲ್ಯಾಣ, ಕಾರ್ಮಿಕ, ಉನ್ನತ ಶಿಕ್ಷಣ ಮೂರೂ ಇಲಾಖೆಗೆ ಕೊಡೋಣ. ಟಪಾಲಲ್ಲಿ ಹಾಕಿ ಸ್ವೀಕೃತಿ ಮುದ್ರೆ ಒತ್ತಿಸೋ ಜವಾಬ್ದಾರಿ ಈ ಗುಮಾಸ್ತನದ್ದು.

ಜೈ ಭೀಮ್.