ಒಳಗಿನ ಕಾವಲು, ಹೊರಗಿನ ಕಾವಲು

ನನಗೆ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರು ಮನೆಗೆ ಗಣಕಯಂತ್ರವೊಂದನ್ನು ಕೊಂಡು ತಂದರು. ನಿವೃತ್ತಿವೇತನದ ಲೆಕ್ಕ, ಬ್ಯಾಂಕಿನ ವ್ಯವಹಾರ, ಮೊಮ್ಮಕ್ಕಳ ಭಾವಚಿತ್ರ ಎಲ್ಲವೂ ಅದರಲ್ಲಿ ಸೇರಿದವು. ಒಂದು ದಿನ ಅವರು, "ಈ ಯಂತ್ರದೊಳಗೆ ಫೈರ್‌ವಾಲ್ ಎಂಬ ಕಾವಲುಗಾರನು ಮೊದಲೇ ಇರುವನಂತೆ. ಆದರೆ ಅವನು ಸಾಲದು, ಹಣ ಕೊಟ್ಟು ಹೊರಗಿನವನೊಬ್ಬನನ್ನು ನೇಮಿಸಬೇಕು ಎನ್ನುತ್ತಾರೆ. ನಿಮ್ಮ ಅಭಿಪ್ರಾಯವೇನು?" ಎಂದು ಕೇಳಿದರು. ಅವರ ಪ್ರಶ್ನೆ ಇಂದು ಅನೇಕ ಮನೆಗಳ ಪ್ರಶ್ನೆಯಾಗಿದೆ.

ಒಂದು ಕಟ್ಟಡದ ಬೆಂಕಿ ಇನ್ನೊಂದಕ್ಕೆ ಹರಡದಂತೆ ಕಟ್ಟುವ ಗೋಡೆಗೆ ಇಂಗ್ಲಿಷಿನಲ್ಲಿ ಫೈರ್‌ವಾಲ್ ಎಂದು ಹೆಸರು. ಗಣಕಯಂತ್ರದ ಮಟ್ಟಿಗೆ ಅದು ಗೋಡೆ ಎನ್ನುವುದಕ್ಕಿಂತ ದ್ವಾರಪಾಲಕ ಎನ್ನುವುದೇ ಸರಿ. ಅಂತರಜಾಲದೊಡನೆ ವ್ಯವಹರಿಸಲು ಯಂತ್ರದಲ್ಲಿ ಪೋರ್ಟ್ ಎಂಬ, ಸಂಖ್ಯೆಗಳಿಂದ ಗುರುತಿಸಲ್ಪಡುವ ಬಾಗಿಲುಗಳಿವೆ; ಆ ಸಂಖ್ಯೆ 65,535ರವರೆಗೆ ಹೋಗುತ್ತದೆ. ನಾವು ಕರೆಯದೆ ಬಂದವರನ್ನು ಈ ಬಾಗಿಲುಗಳಲ್ಲಿ ತಡೆಯುವುದೇ ಫೈರ್‌ವಾಲಿನ ಮುಖ್ಯ ಕಾರ್ಯ.

ಒಳಗಿನ ಕಾವಲನ್ನು ಜನರು ಸಂದೇಹಿಸುವುದಕ್ಕೆ ಕಾರಣವಿಲ್ಲದಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಇದ್ದರೂ ಸಾಮಾನ್ಯವಾಗಿ ಅದು ನಿದ್ರಿಸುತ್ತಿತ್ತು. ಬಳಸುವವರೇ ಅದನ್ನು ಎಚ್ಚರಿಸಬೇಕಾಗಿತ್ತು. 2003ರ ಆಗಸ್ಟ್ ತಿಂಗಳಿನಲ್ಲಿ ಬ್ಲಾಸ್ಟರ್ ಎಂಬ ದುಷ್ಟ ತಂತ್ರಾಂಶವು 135ನೆಯ ಪೋರ್ಟಿನ ಮೂಲಕ ಲಕ್ಷಾಂತರ ಯಂತ್ರಗಳನ್ನು ಹೊಕ್ಕಿತು. ಮರುವರ್ಷದ ಆಗಸ್ಟಿನಲ್ಲಿ ಬಂದ ಎರಡನೆಯ ಸರ್ವಿಸ್ ಪ್ಯಾಕಿನೊಡನೆ ಆ ಫೈರ್‌ವಾಲ್ ತಾನಾಗಿಯೇ ಎಚ್ಚರವಾಗಿರುವ ಏರ್ಪಾಡಾಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತಾಯಿತೆಂದು ನಗಬಹುದು. ಆದರೆ ಹಾಕಿದ ಬಾಗಿಲು ಇಂದಿಗೂ ಭದ್ರವಾಗಿದೆ ಎಂಬುದನ್ನು ಮರೆಯಬಾರದು.

ಹೊರಗಿನ ಕಾವಲಿನ ಪರವಾಗಿಯೂ ನ್ಯಾಯವಾದ ಮಾತೊಂದುಂಟು. ವಿಂಡೋಸಿನ ಫೈರ್‌ವಾಲ್ ಒಳಬರುವವರನ್ನು ತಡೆಯುತ್ತದೆ. ಆದರೆ ನಾವು ಬೇರೆ ನಿಯಮ ಮಾಡದಿದ್ದರೆ ಹೊರಹೋಗುವವರನ್ನು ಸಾಮಾನ್ಯವಾಗಿ ಪ್ರಶ್ನಿಸುವುದಿಲ್ಲ. ಜೋನ್‌ಅಲಾರ್ಮ್‌ನಂತಹ ತಂತ್ರಾಂಶಗಳು ಪ್ರತಿಯೊಂದು ಕಾರ್ಯಕ್ರಮವೂ ಹೊರಹೋಗುವಾಗ ಒಡೆಯನ ಅಪ್ಪಣೆ ಕೇಳುವ ಪದ್ಧತಿಯನ್ನು ತಂದವು. ಬಲ್ಲವರಿಗೆ ಇದು ಉಪಕಾರವೇ ಸರಿ. ಆದರೆ ಅರ್ಥವಾಗದ ಹೆಸರುಗಳನ್ನು ಹಿಡಿದು ದಿನಕ್ಕೆ ಹತ್ತು ಬಾರಿ ಅಪ್ಪಣೆ ಕೇಳಿದರೆ ಸಾಮಾನ್ಯನು ಏನು ಮಾಡಿಯಾನು? ಓದದೆಯೇ "ಆಗಲಿ" ಎಂದು ಒತ್ತುವನು. ತೋಳ ಬಂತೆಂದು ಪದೇ ಪದೇ ಕೂಗಿದ ಹುಡುಗನ ಕಥೆ ಇಲ್ಲಿಯೂ ನಡೆಯುತ್ತದೆ.

ಇನ್ನೊಂದು ಅಪಾಯವೂ ಉಂಟು. ಕಾವಲಿಗೆ ಸೇರಿಸಿದ ಪ್ರತಿಯೊಂದು ತಂತ್ರಾಂಶವೂ ಮನುಷ್ಯರು ಬರೆದುದು, ಅದರಲ್ಲಿಯೂ ದೋಷಗಳಿರಬಹುದು. 2004ರ ಮಾರ್ಚ್ ತಿಂಗಳಿನಲ್ಲಿ ವಿಟ್ಟಿ ಎಂಬ ದುಷ್ಟ ತಂತ್ರಾಂಶವು ಬ್ಲ್ಯಾಕ್‌ಐಸ್ ಮೊದಲಾದ ರಕ್ಷಣಾ ತಂತ್ರಾಂಶಗಳಲ್ಲಿದ್ದ ದೋಷದಿಂದಲೇ ಸುಮಾರು 12,000 ಯಂತ್ರಗಳನ್ನು ಹೊಕ್ಕು, ಅವುಗಳ ಡಿಸ್ಕಿನಲ್ಲಿದ್ದ ಮಾಹಿತಿಯನ್ನು ಹಾಳುಮಾಡಿತು. ರಕ್ಷಣೆ ಬೇಕೆಂದು ಶ್ರಮಪಟ್ಟವರೇ ನಷ್ಟಕ್ಕೆ ಗುರಿಯಾದರು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಆದುದರಿಂದ ಸಾಮಾನ್ಯ ಗೃಹಸ್ಥನಿಗೆ ಯಂತ್ರದೊಡನೆ ಬಂದ ಫೈರ್‌ವಾಲೇ ಸಾಕೆಂಬುದು ನನ್ನ ಅಭಿಪ್ರಾಯ. ಆದರೆ ಅದು ಎಚ್ಚರವಾಗಿದೆಯೇ ಎಂದು ನೋಡಿಕೊಳ್ಳಬೇಕು. ಉಬುಂಟುವಿನಂತಹ ಕೆಲವು ವ್ಯವಸ್ಥೆಗಳಲ್ಲಿ ಅದನ್ನು ನಾವೇ ಎಚ್ಚರಿಸಬೇಕಾಗುತ್ತದೆ. ಕಾರ್ಯಾಚರಣ ವ್ಯವಸ್ಥೆಗೆ ಕಾಲಕಾಲಕ್ಕೆ ಬರುವ ಪರಿಷ್ಕರಣೆಗಳನ್ನು ತಪ್ಪದೆ ಹಾಕಿಕೊಳ್ಳಬೇಕು. ಬ್ಲಾಸ್ಟರಿಗೆ ಮದ್ದು ಅದು ಬರುವುದಕ್ಕೆ ಒಂದು ತಿಂಗಳು ಮೊದಲೇ ಸಿದ್ಧವಾಗಿತ್ತು. ಹೊರಹೋಗುವ ಮಾಹಿತಿಯನ್ನು ಅರಿತು ನಿಯಂತ್ರಿಸಬಲ್ಲವರು ಬೇಕಾದರೆ ಹೊರಗಿನ ಕಾವಲನ್ನು ಆರಿಸಿಕೊಳ್ಳಲಿ. ಹೆದರಿಕೆಯಿಂದ ಮಾತ್ರ ಯಾರೂ ಕೊಳ್ಳಬಾರದು.

ನಾನು ಹೀಗೆಂದಾಗ ಆ ಹಿರಿಯರು, "ಹಾಗಾದರೆ ನಿಶ್ಚಿಂತೆಯಿಂದ ಇರಬಹುದೇ?" ಎಂದರು. ಇರಲಾಗದು. ಬ್ಯಾಂಕಿನವನೆಂದು ನಂಬಿಸಿ ಗುಪ್ತಸಂಖ್ಯೆ ಕೇಳುವವನಿಗೆ ನಾವೇ ಅದನ್ನು ಹೇಳಿಬಿಟ್ಟರೆ ಯಾವ ದ್ವಾರಪಾಲಕನೂ ತಡೆಯಲಾರನು. ಬಾಗಿಲನ್ನು ಕಾಯಲು ಯಂತ್ರವನ್ನು ನೇಮಿಸಬಹುದು. ಯಾರಿಗೆ ಬಾಗಿಲು ತೆರೆಯಬೇಕೆಂಬ ವಿವೇಕವನ್ನು ಮನೆಯ ಯಜಮಾನನೇ ಬೆಳೆಸಿಕೊಳ್ಳಬೇಕು.