ಸರದಿಯ ಪುಸ್ತಕ ಯಾರ ಮನೆಯಲ್ಲಿರಬೇಕು?

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಗಣಕಯಂತ್ರದ ವಿಷಯವನ್ನೆತ್ತಿಕೊಂಡು ಬರೆಯುವುದು ಅಧಿಕಪ್ರಸಂಗವೆಂದು ಕೆಲವು ಮಿತ್ರರಿಗೆ ತೋರಬಹುದು. ಆದರೆ ಈ ವಿಷಯ ನನಗೆ ಬಂದುದು ಪುಸ್ತಕದಿಂದಲ್ಲ, ಹೊಲದಿಂದ.

ಹೊಸದುರ್ಗದ ಕಡೆಯ ನಮ್ಮ ಹಳ್ಳಿಯಲ್ಲಿ ನಾಲ್ಕು ಮನೆಯವರು ಕೂಡಿ ಒಂದು ಪವರ್ ಟಿಲ್ಲರ್ ಕೊಂಡಿದ್ದಾರೆ. ಯಾವ ದಿನ ಯಾರ ಹೊಲಕ್ಕೆ ಎಂಬುದನ್ನು ಚಿಕ್ಕಪ್ಪನ ಮನೆಯ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ರೂಢಿ. ಕಳೆದ ಮುಂಗಾರಿನಲ್ಲಿ ಒಂದೇ ದಿನಕ್ಕೆ ಇಬ್ಬರಿಗೆ ಮಾತು ಕೊಟ್ಟದ್ದಾಯಿತು. ಒಬ್ಬರು ಪುಸ್ತಕದಲ್ಲಿ ಬರೆಸಿದ್ದರು. ಇನ್ನೊಬ್ಬರು ಫೋನಿನಲ್ಲಿ ಹೇಳಿದ್ದರು. ಆ ಇನ್ನೊಬ್ಬರು ನಮ್ಮ ತಂದೆ. ನಮ್ಮ ಸರದಿ ಬರುವಷ್ಟರಲ್ಲಿ ಭೂಮಿಯ ಹದ ಹೋಗಿತ್ತು. ಆ ವರ್ಷ ರಾಗಿ ಅರ್ಧಕ್ಕರ್ಧ. ಅಕ್ಷರ ಬಾರದ ತಂದೆಯವರು ಅಂದದ್ದಿಷ್ಟೆ: "ನಾಲ್ಕು ಮನೆಗೂ ಕಾಣಂಗೆ ಬರೆದಿಡೋಕೆ ನಿನ್ನ ಓದಿನಾಗೆ ಏನೂ ಇಲ್ವೇನಪ್ಪಾ?"

ಹೊಳಲ್ಕೆರೆಯ ಮಿತ್ರನೊಬ್ಬ, ಗಣಕ ವಿಜ್ಞಾನ ಓದುವವನು, ನಾಲ್ಕು ಮನೆಯ ಮೊಬೈಲಿನಲ್ಲೂ ಕಾಣುವ ಹಂಚಿಕೆಯ ಕ್ಯಾಲೆಂಡರನ್ನು ಮಾಡಿಕೊಡಲು ಒಪ್ಪಿದ. ಯಾವ ಪ್ರೋಗ್ರಾಮಿಂಗ್ ಇಂಟರ್‌ಫೇಸನ್ನು ಆರಿಸುವುದೆಂಬಲ್ಲಿ ನಮ್ಮಿಬ್ಬರಿಗೆ ಚರ್ಚೆ ಹತ್ತಿತು. ಈ ಹೆಸರಿಗೆ ಹೆದರಬೇಕಾದ್ದಿಲ್ಲ. ಕೆರೆಯ ತೂಬನ್ನು ರೈತನೇ ಎತ್ತುವುದಿಲ್ಲ. ನೀರುಗಂಟಿಗೆ ಹೇಳುತ್ತಾನೆ, ಅವನು ಸರದಿ ನೋಡಿ ನೀರು ಬಿಡುತ್ತಾನೆ. ಒಂದು ಪ್ರೋಗ್ರಾಮು ಕ್ಯಾಲೆಂಡರಿನ ಉಗ್ರಾಣದೊಡನೆ ಹೀಗೆ ಮಾತನಾಡಲು ಗೊತ್ತುಮಾಡಿದ ಕಟ್ಟಳೆಯೇ ಇಂಟರ್‌ಫೇಸು.

ಮಿತ್ರನ ಒಲವು ಗೂಗಲ್ ಸಂಸ್ಥೆಯ ಸ್ವಂತ ಇಂಟರ್‌ಫೇಸಿನ ಕಡೆಗೆ. ಅದರ ವಿವರಣೆ ಚೆನ್ನಾಗಿದೆ, ಬೇಗ ಕೈಗೆ ಹತ್ತುತ್ತದೆ, ಬದಲಾವಣೆಯಾದರೆ ತಾನೇ ಸುದ್ದಿ ಮುಟ್ಟಿಸುತ್ತದೆ. ಇದನ್ನೆಲ್ಲ ಒಪ್ಪುತ್ತೇನೆ. ಆದರೂ ನನ್ನ ಪಕ್ಷ ಕ್ಯಾಲ್‌ಡ್ಯಾವ್ ಎಂಬುದರದು. 2007ರಲ್ಲಿ ಪ್ರಕಟವಾದ ಈ ಕಟ್ಟಳೆ ಯಾವುದೇ ಒಂದು ಕಂಪನಿಯ ಸ್ವತ್ತಲ್ಲ. ಐಫೋನು ಅದನ್ನು ಬಲ್ಲದು, ಥಂಡರ್‌ಬರ್ಡ್ ಬಲ್ಲದು, ರ್‍ಯಾಡಿಕೇಲ್ ಎಂಬ ಪುಕ್ಕಟೆ ಸರ್ವರ್ ಬಲ್ಲದು, ಗೂಗಲ್ಲೂ ಬಲ್ಲದು. ಒಂದು ಕಡೆ ಸರಿಬಾರದಿದ್ದರೆ ಸರದಿಯ ಪುಸ್ತಕವನ್ನೆತ್ತಿಕೊಂಡು ಇನ್ನೊಂದೆಡೆಗೆ ಹೋಗಬಹುದು. 2013ರ ಮಾರ್ಚಿಯಲ್ಲಿ ಗೂಗಲ್ ಸಂಸ್ಥೆ ತನ್ನ ಕ್ಯಾಲ್‌ಡ್ಯಾವ್ ಬಾಗಿಲು ತಾನು ಒಪ್ಪಿದವರಿಗೆ ಮಾತ್ರವೆಂದು ಸಾರಿ, ಜೂನಿನಲ್ಲಿ ಆ ಮಾತನ್ನು ಹಿಂತೆಗೆದುಕೊಂಡಿತು. ಅದರ ಸ್ವಂತ ಇಂಟರ್‌ಫೇಸಿನ ಎರಡನೆಯ ಆವೃತ್ತಿ 2014ರ ನವೆಂಬರಿನಲ್ಲಿ ನಿಂತಿತು; ಅದನ್ನೇ ನಂಬಿದ ಪ್ರೋಗ್ರಾಮುಗಳನ್ನು ತಿದ್ದಬೇಕಾಯಿತು. ತಿದ್ದಲು ಪೇಟೆಯ ಕಂಪನಿಗಳಲ್ಲಿ ಜನವಿದ್ದಾರು; ಮಿತ್ರನು ನೌಕರಿಗೆಂದು ಬೆಂಗಳೂರು ಸೇರಿದ ಮೇಲೆ ನಮ್ಮೂರಿಗೆ ಯಾರಿದ್ದಾರೆ?

ಕ್ಯಾಲ್‌ಡ್ಯಾವ್ ಸುಲಭವೆಂದು ಹೇಳಲಾರೆ. ಅದರ ಎಕ್ಸ್‌ಎಂಎಲ್ ಬರಹ ಬಲು ಉದ್ದ. ಸ್ವಂತ ಸರ್ವರ್ ಇಟ್ಟರೆ ಅದನ್ನು ಯಾರಾದರೂ ನೋಡಿಕೊಳ್ಳಬೇಕು. ಇನ್ನು, ಒಂದೇ ದಿನಕ್ಕೆ ಎರಡು ಸರದಿ ಬರೆದರೆ ಸಾಮಾನ್ಯವಾಗಿ ಈ ಇಂಟರ್‌ಫೇಸೂ ಆ ಇಂಟರ್‌ಫೇಸೂ ಸುಮ್ಮನೆ ಬರೆದುಕೊಳ್ಳುತ್ತವೆ. ಆ ದಿನ ಬಿಡುವಿದೆಯೇ ಎಂದು ಕೇಳುವ ಸೌಕರ್ಯ ಎರಡರಲ್ಲೂ ಉಂಟು. ಬರೆಯುವುದಕ್ಕೆ ಮೊದಲು ಕೇಳುವ ಕೆಲಸ ಮಾತ್ರ ನಮ್ಮ ಪ್ರೋಗ್ರಾಮಿನದು. ನಮ್ಮ ಹದ ಹೋದದ್ದು ಇಂಥ ಕಡೆಯಲ್ಲೇ ಎಂದು ಮಿತ್ರನಿಗೆ ಎರಡು ಸಲ ಹೇಳಿದ್ದೇನೆ; ಮೂರನೆಯ ಸಲ ಹೇಳಿದರೆ ಸಿಟ್ಟಾದಾನು.

ಇನ್ನೊಂದು ತೊಡಕು ನಮ್ಮದೇ. ಅಮಾವಾಸ್ಯೆಯಂದು ನಮ್ಮೂರಲ್ಲಿ ಟಿಲ್ಲರ್ ಹೊರಡಿಸುವುದಿಲ್ಲ. 'ಪ್ರತಿ ಸೋಮವಾರ' ಎಂದು ಈ ಕ್ಯಾಲೆಂಡರುಗಳಿಗೆ ಒಂದೇ ಸಾಲಿನಲ್ಲಿ ಹೇಳಬಹುದು. 'ಪ್ರತಿ ಅಮಾವಾಸ್ಯೆ' ಎನ್ನಲು ಬಾರದು. 2015ರಲ್ಲಿ ಅನ್ಯ ಪಂಚಾಂಗಗಳಿಗೂ ಜಾಗ ಮಾಡಿದರು, ನಿಜ. ಆದರೆ ಆ ಪಟ್ಟಿಯಲ್ಲಿರುವ ಭಾರತದ ಪಂಚಾಂಗವೆಂದರೆ 1957ರ ಮಾರ್ಚ್ 22ರಿಂದ ಸರ್ಕಾರ ಜಾರಿಗೆ ತಂದ ಶಕ ಪಂಚಾಂಗ. ಅದರಲ್ಲಿ ಚೈತ್ರವುಂಟು, ತಿಥಿಯಿಲ್ಲ. ಆದುದರಿಂದ ವರ್ಷದ ಹನ್ನೆರಡು ಅಮಾವಾಸ್ಯೆಗಳನ್ನು, ಅಧಿಕಮಾಸ ಬಂದರೆ ಹದಿಮೂರನ್ನು, ಒಂದೊಂದಾಗಿ ಕೈಯಿಂದಲೇ ತುಂಬಬೇಕು. ಈ ಸಲ ಪಂಚಾಂಗ ಓದಿ ತುಂಬಿದವನು ನಾನು. ಒಂದು ಕಡೆ ತಪ್ಪು ಹಿಡಿದವರು ತಂದೆ.