ಟ್ರಾಲಿಯಲ್ಲಿ ಕೂತ ಲೌಡ್‌ಸ್ಪೀಕರ್

ಭಾನುವಾರ ಸಂಜೆ ಆರೂವರೆ. ಸೂಪರ್ ಮಾರ್ಕೆಟ್‌ನ ಬಿಲ್ಲಿಂಗ್ ಕೌಂಟರ್ ಮುಂದೆ ಉದ್ದ ಕ್ಯೂ. ಟ್ರಾಲಿಯಲ್ಲಿ ಕೂತಿದ್ದ ಎರಡೂವರೆ ವರ್ಷದ ನನ್ನ ಮಗನ ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಚಾಕೊಲೇಟ್ ಸಾಲು. ಅದನ್ನು ಯಾರೋ ಮರೆತು ಅಲ್ಲಿ ಇಟ್ಟಿದ್ದಲ್ಲ, ಲೆಕ್ಕ ಹಾಕಿಯೇ ಇಟ್ಟಿದ್ದು. "ಅಮ್ಮಾ, ಬೇಕೂ..." ಅಂತ ಶುರುವಾದ ರಾಗ ಅರ್ಧ ನಿಮಿಷದಲ್ಲಿ ತಾರಸ್ಥಾಯಿಗೆ ಹೋಯಿತು. ಚಪ್ಪಲಿ ಹಾರಿತು. ಮುಂದಿದ್ದವರು ತಿರುಗಿದರು. ಹಿಂದಿದ್ದ ಆಂಟಿ, "ಈಗಿನ ಮಕ್ಕಳಿಗೆ ಭಯವೇ ಇಲ್ಲಪ್ಪ" ಅಂದರು. ಹೇಳಿದ್ದು ಗಾಳಿಗೆ, ಕೇಳಬೇಕಾಗಿದ್ದು ನನಗೆ.

ನಾನು ನಗುತ್ತಲೇ ಅವನ ಮಣಿಕಟ್ಟು ಹಿಡಿದೆ. ತುಸು ಜಾಸ್ತಿಯೇ ಬಿಗಿಯಾಗಿ.

ರಾತ್ರಿ ಮಲಗಿಸುವಾಗ ನೋಡಿದರೆ ಅಲ್ಲಿ ಸಣ್ಣದೊಂದು ಕೆಂಪು ಗುರುತು. ಪುಟ್ಟ ಅದನ್ನೇ ತೋರಿಸಿ, "ಅಮ್ಮ, ಉಫ್ ಮಾಡು" ಅಂದ. ಊದಿದೆ. ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ.

ಮರುದಿನ ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ ಅವಳು ನಕ್ಕುಬಿಟ್ಟಳು. "ನೀನೇನು ಕಮ್ಮಿ ಕಿರುಚ್ತಿದ್ಯೇನೆ? ಸಂತೇಲಿ ಬತ್ತಾಸು ಬೇಕು ಅಂತ ಮಣ್ಣಲ್ಲಿ ಹೊರಳಾಡ್ತಿದ್ದೆ. ಆದ್ರೆ ಅಲ್ಲಿ ಯಾರಿಗೆ ಕೇಳ್ಬೇಕು? ಟೊಮೆಟೊ ಮಾರೋನು ನಿನಗಿಂತ ಜೋರಾಗಿ ಕೂಗ್ತಿದ್ದ!"

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಸಂತೆಯಲ್ಲಿ ಮಗುವಿನ ಗಲಾಟೆ ಹತ್ತರಲ್ಲಿ ಹನ್ನೊಂದನೆಯದು. ಇಲ್ಲಿ ಎಸಿ, ಮೆಲುದನಿಯ ಹಾಡು, ಹೊಳೆಯುವ ನೆಲ. ಅದೇ ದನಿ ಇಲ್ಲಿ ಅಪರಾಧದ ಹಾಗೆ ಕೇಳಿಸುತ್ತದೆ. ಆವತ್ತು ನಾನು ಮಗನಿಗೆ ಏನನ್ನೂ ಕಲಿಸುತ್ತಿರಲಿಲ್ಲ, ಸುತ್ತ ಇದ್ದವರ ಮುಂದೆ ನನ್ನ ಮರ್ಯಾದೆ ಉಳಿಸಿಕೊಳ್ಳುತ್ತಿದ್ದೆ. ಆ ಕೆಂಪು ಗುರುತು ಅದಕ್ಕೆ ತೆತ್ತ ಬೆಲೆ.

ಅಮ್ಮ ಇನ್ನೊಂದು ಮಾತೂ ಹೇಳಿದಳು: "ನಿನ್ನ ಕೈಗೊಂದು ಚೀಲ ಕೊಡ್ತಿದ್ದೆ, ಅದ್ರೊಳಗೆ ನಾಲ್ಕು ನಿಂಬೆಹಣ್ಣು. ಅದನ್ನ ಕಾಯೋದೇ ನಿನ್ನ ಕೆಲಸ."

ಆವತ್ತಿನಿಂದ ನಮ್ಮ ಶಾಪಿಂಗ್ ಬದಲಾಯಿತು. ಮೊದಲನೆಯದು ಸಮಯ. ಭಾನುವಾರ ಸಂಜೆ ಎಂದರೆ ಅವನಿಗೆ ಹಸಿವು, ನಿದ್ದೆ ಎರಡೂ ಒಟ್ಟಿಗೆ ಬರುವ ಹೊತ್ತು. ಈಗ ಶನಿವಾರ ಬೆಳಗ್ಗೆ, ತಿಂಡಿ ತಿನ್ನಿಸಿ, ಅಂಗಡಿ ಖಾಲಿ ಇರುವಾಗಲೇ ಹೋಗುತ್ತೇವೆ. ಒಂದು ಸಲಕ್ಕೆ ಅರ್ಧ ಗಂಟೆ, ಅಷ್ಟೇ. ಅಕ್ಕಿ, ಬೇಳೆ, ಎಣ್ಣೆಯಂಥ ಭಾರದ ಸಾಮಾನು ಆನ್‌ಲೈನ್‌ನಲ್ಲಿ ಮನೆಗೇ ಬರುತ್ತದೆ.

ಎರಡನೆಯದು ಕೆಲಸ. ಅವನಿಗೊಂದು ಬಟ್ಟೆ ಚೀಲ, ಜೊತೆಗೆ ನಾನು ಬಿಡಿಸಿದ ಚಿತ್ರದ ಪಟ್ಟಿ: ಬಾಳೆಹಣ್ಣು, ಕ್ಯಾರೆಟ್, ಸೋಪು. ನನ್ನ ಕ್ಯಾರೆಟ್ ನೋಡಿದವರು ಮೂಲಂಗಿ ಅಂದಾರು, ಅವನಿಗೆ ಅರ್ಥವಾಗುತ್ತದೆ. "ಐದು ಟೊಮೆಟೊ ಹಾಕು" ಅಂದರೆ "ಒಂದು, ಎರಡು, ನಾಲ್ಕು" ಅಂತ ಎಣಿಸಿ ಏಳು ಹಾಕುತ್ತಾನೆ. ಇರಲಿ, ಸಾರಿಗಾಗುತ್ತೆ.

ಮೂರನೆಯದು ಒಪ್ಪಂದ. ಒಳಗೆ ಹೋಗುವ ಮುಂಚೆಯೇ ಅವನೆದುರು ಕೂತು ಹೇಳುತ್ತೇನೆ: "ಇವತ್ತು ನಿನಗೆ ಒಂದೇ ಒಂದು. ಬಿಸ್ಕೆಟ್ಟಾ, ಹಣ್ಣಿನ ಜ್ಯೂಸಾ?" ಆಯ್ಕೆ ಅವನದು. ಕಿರುಚಿದ ಮೇಲೆ ಮಾತ್ರ ಏನನ್ನೂ ಕೊಡುವುದಿಲ್ಲ. ಒಮ್ಮೆ ಕೊಟ್ಟರೆ ಕಿರುಚಾಟವೇ ಎಟಿಎಂ ಪಿನ್ ಆಗಿಬಿಡುತ್ತದೆ. ಬಾಯಿ ಮುಚ್ಚಿಸಲು ಮೊಬೈಲ್ ಕೊಡುವುದನ್ನೂ ಬಿಟ್ಟೆ. ಅಂಗಡಿಯಲ್ಲೇನೋ ಶಾಂತಿ ಸಿಗುತ್ತಿತ್ತು, ವಾಪಸ್ ತಗೊಳ್ಳುವಾಗ ಪಾರ್ಕಿಂಗ್‌ನಲ್ಲಿ ಅದಕ್ಕಿಂತ ದೊಡ್ಡ ಯುದ್ಧ.

ಇಷ್ಟೆಲ್ಲ ಮಾಡಿದರೆ ಗಲಾಟೆ ನಿಂತಿತಾ? ಇಲ್ಲ. ಈ ವಯಸ್ಸಿನಲ್ಲಿ ಆಸೆ ಬೆಟ್ಟದಷ್ಟು, ಹೇಳಿಕೊಳ್ಳಲು ಪದ ಮಾತ್ರ ಹಿಡಿಯಷ್ಟು. ಸಿಟ್ಟನ್ನು ಹಿಡಿತದಲ್ಲಿಡುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದೇ ಇಪ್ಪತ್ತು ದಾಟಿದ ಮೇಲೆ. ನನ್ನದೇ ಇನ್ನೂ ಬಲಿತಿದೆಯೋ ಇಲ್ಲವೋ!

ಹೋದ ವಾರವೂ ಒಮ್ಮೆ ರಂಪ ಆಯಿತು. ಈ ಸಲ ಕೈ ಹಿಡಿದು ಬಿಗಿಯಲಿಲ್ಲ. ಟ್ರಾಲಿಯನ್ನು ಗಂಡನಿಗೆ ಒಪ್ಪಿಸಿ, ಪುಟ್ಟನನ್ನು ಎತ್ತಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. "ಆ ಕಾರು ಬೇಕಿತ್ತು ಅಲ್ವಾ? ಸಿಗಲಿಲ್ಲ ಅಂತ ಬೇಜಾರಾಯ್ತಾ?" ಅಂದೆ. ಬಿಕ್ಕುತ್ತಲೇ ತಲೆಯಾಡಿಸಿದ. ರಸ್ತೆಯಲ್ಲಿ ಹೋಗುವ ಆಟೋ ಎಣಿಸಿದೆವು. ಒಂದು, ಎರಡು, ನಾಲ್ಕು. ಐದಾರು ನಿಮಿಷದಲ್ಲಿ ಬಿಕ್ಕು ನಿಂತಿತು. ಒಬ್ಬಳೇ ಹೋದ ದಿನ ಹೀಗಾದರೆ ಟ್ರಾಲಿಯನ್ನು ಅಂಗಡಿಯವರಿಗೆ ಹೇಳಿ ಬಿಟ್ಟು ಬರುತ್ತೇನೆ. ಸಾಮಾನು ನಾಳೆಯೂ ಸಿಗುತ್ತದೆ.

ನಿಮ್ಮಲ್ಲಿ ಒಂದೇ ಒಂದು ವಿನಂತಿ. ಕ್ಯೂನಲ್ಲಿ ಯಾವುದಾದರೂ ಮಗು ಚೀರುತ್ತಿದ್ದರೆ ಅದರ ಅಪ್ಪ ಅಮ್ಮನನ್ನು ದಿಟ್ಟಿಸಬೇಡಿ, ಬುದ್ಧಿವಾದವೂ ಬೇಡ. "ನೀವು ಮುಂದೆ ಹೋಗಿ" ಅಂತ ಜಾಗ ಬಿಡಿ. ಆವತ್ತು ನನಗೆ ಯಾರಾದರೂ ಹಾಗೆ ಅಂದಿದ್ದರೆ ಆ ಕೆಂಪು ಗುರುತು ಮೂಡುತ್ತಿರಲಿಲ್ಲವೇನೋ.